ಬಳೆಮಂಟಪವೂ ಕಲೆಯ ಪದವಿಯೂ

ಕೊಳ್ಳೇಗಾಲದಿಂದ ಯಳಂದೂರಿಗೆ ಸುಮಾರು ಹತ್ತು ಮೈಲಿಯ ಹಾದಿ. ಆಡುವ ಮಾತು ಒಂದೇ, ಹಾಡುವ ಹಾಡೂ ಬಹುಮಟ್ಟಿಗೆ ಒಂದೇ. ಆದರೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಾದಿಯ ನಡುವೆ ಗಡಿಯೊಂದು ಬಂದಿತು. ಕೊಳ್ಳೇಗಾಲವೂ ಹನೂರಿನ ಕಾಡುಸೀಮೆಯೂ ಕುಂಪಣಿ ಸರ್ಕಾರಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾದುವು. ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. 1956ರ ನವೆಂಬರ್ ಒಂದರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. ಅಲ್ಲಿಯವರೆಗೆ ಹೆಚ್ಚಿನ ವಿದ್ಯೆ ಬೇಕೆಂದರೆ ಕೊಳ್ಳೇಗಾಲದವರು ಮದರಾಸಿನ ಕಡೆ ಮುಖ ಮಾಡಬೇಕು, ಯಳಂದೂರಿನವರು ಮೈಸೂರಿನ ಕಡೆ.

ಆ ಕಾಲದ ಹುಡುಗನೊಬ್ಬನಿಗೆ ಚಿತ್ರದ ಹುಚ್ಚು ಹಿಡಿದಿದ್ದರೆ ಅವನ ಗತಿಯೇನು? ಶಾಲೆಗಳೇನೋ ಎರಡು ಕಡೆಯೂ ಇದ್ದುವು. ಮದರಾಸಿನಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿಯೇ ಕಲಾಶಾಲೆಯೊಂದನ್ನು ತೆರೆದಿದ್ದ. ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ 1906ರಲ್ಲಿ ಅಸ್ತಿಭಾರವಿಟ್ಟವನು ಮುಂದೆ ಐದನೆಯ ಜಾರ್ಜ್ ಎನಿಸಿದ ಯುವರಾಜ. ಆದರೆ ಇವು ಮುಖ್ಯವಾಗಿ ಕಸುಬಿನ ಶಾಲೆಗಳು. ಮದರಾಸಿನ ವಿಶ್ವವಿದ್ಯಾನಿಲಯ ಹುಟ್ಟಿದ್ದು 1857ರಲ್ಲಿ, ಮೈಸೂರಿನದು 1916ರಲ್ಲಿ. ಕುಂಚ ಉಳಿ ಹಿಡಿದವನನ್ನು ಪದವೀಧರನೆಂದು ಕರೆಯುವ ಯೋಚನೆ ಬಹುಕಾಲ ಅವಕ್ಕೆ ಬರಲಿಲ್ಲ. ಕಾವ್ಯ ಓದಿದವನು ವಿದ್ಯಾವಂತ, ವಿಗ್ರಹ ಕಡೆದವನು ಕೆಲಸಗಾರ! ವಿಲಾಯತಿಯಲ್ಲಿಯೂ ಆಕ್ಸ್‌ಫರ್ಡು ರಸ್ಕಿನ್ನನನ್ನು ತನ್ನ ಮೊದಲ ಕಲಾಪ್ರಾಧ್ಯಾಪಕನನ್ನಾಗಿ ಆರಿಸಿಕೊಂಡದ್ದು 1869ರಲ್ಲಿ. ನಮ್ಮ ದೇಶದಲ್ಲಿ ಬರೋಡೆಯ ವಿಶ್ವವಿದ್ಯಾನಿಲಯ 1950ರಲ್ಲಿ ಲಲಿತಕಲೆಗೆಂದೇ ಒಂದು ವಿಭಾಗ ತೆರೆದು ದಾರಿ ಹಾಕಿತು. ಮೈಸೂರಿನಲ್ಲಿ 1960ರ ದಶಕದಲ್ಲಿ ಸಂಗೀತ ನೃತ್ಯಗಳಿಗೆ ಲಲಿತಕಲಾ ಕಾಲೇಜು ಬಂದಿತು. ಚಿತ್ರ ಶಿಲ್ಪಗಳ ಪದವಿಗೆ ಚಾಮರಾಜೇಂದ್ರ ಅಕಾಡೆಮಿ ಏಳಬೇಕಾದರೆ 1980ರ ದಶಕದ ಆರಂಭವೇ ಬರಬೇಕಾಯಿತು.

ಇಷ್ಟು ತಡವಾಗಿ ಬಂದದ್ದರಿಂದ ಪ್ರಯೋಜನವೇನಾಯಿತು ಎಂದು ಕೇಳುವವರಿದ್ದಾರೆ. ಅವರ ಪಕ್ಷ ಹಗುರವಾದುದಲ್ಲ. ಯಳಂದೂರಿನ ಗೌರೀಶ್ವರ ದೇವಾಲಯವನ್ನೇ ನೋಡಿ. ಹದಿನಾಡಿನ ಪಾಳೆಯಗಾರ ಸಿಂಗೆದೇಪ ದೇವಭೂಪಾಲ ವಿಜಯನಗರದ ಕಾಲದಲ್ಲಿ ಕಟ್ಟಿಸಿದ್ದು. ಅದರ ಮಹಾದ್ವಾರಕ್ಕೆ ಊರಿನವರು ಇಟ್ಟ ಹೆಸರು ಬಳೆಮಂಟಪ. ಕಲ್ಲಿನ ಬಳೆಗಳು ಒಂದರೊಳಗೊಂದು ಸೇರಿ ಸರಪಣಿಯಾಗಿ ಇಳಿಬಿದ್ದಿವೆ. ಕಲ್ಲಿಗೆ ಬೆಸುಗೆಯಿಲ್ಲ, ಇಂಥ ಸರಪಣಿಯನ್ನು ಒಂದೇ ಬಂಡೆಯಿಂದ ಬಿಡಿಸಬೇಕು. ಉಳಿಯ ಒಂದು ಏಟು ತಪ್ಪಿ ಬಳೆ ಬಿರಿದರೆ ಇಡೀ ಸರವೇ ಹೋಯಿತು. ಗೋಡೆ ಕಂಬಗಳ ಮೇಲೆ ಅಂಧಕಾಸುರಮರ್ದನ, ಶರಭ, ಕಾಳಿಯಮರ್ದನ, ವಾಲಿ ಸುಗ್ರೀವರ ಕಾಳಗ. ಇದನ್ನೆಲ್ಲ ಕಡೆದವರು ಯಾವ ಪರೀಕ್ಷೆಗೆ ಕುಳಿತಿದ್ದರು? ತಂದೆಯ ಪಕ್ಕದಲ್ಲಿ ಕೂತು ಕಲಿತ ಮಗ, ಗುರುವಿನ ಪೆಟ್ಟು ತಿಂದು ಕಲಿತ ಶಿಷ್ಯ, ಅಷ್ಟೆ.

ಒಪ್ಪಿದೆ. ಆದರೆ ಆ ತಂದೆಗೆ ಮಗನಾಗಿ ಹುಟ್ಟದವನ ಮಾತೇನು? ಮಗಳಾಗಿ ಹುಟ್ಟಿದವಳ ಮಾತೇನು?

ಇದೇ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಅದರಿಂದಲೇ ಅವಳು ಸಂಚಿಯ ಹೊನ್ನಮ್ಮ. ರಾಣಿ ದೇವಾಜಮ್ಮಣ್ಣಿಯ ಒಲವು ಇತ್ತು. ಆಸ್ಥಾನದ ಸಿಂಗರಾರ್ಯನಲ್ಲಿ ಪಾಠವಾಯಿತು. ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬಂದಿತು. ಪತಿವ್ರತೆಯ ಧರ್ಮ ಹೇಳಲು ಹೊರಟ ಆ ಗ್ರಂಥದಲ್ಲಿಯೇ ಹೆಣ್ಣನ್ನು ಹೀಗಳೆಯುವವರನ್ನು ಎದುರು ನಿಂತು ಕೇಳುವ ಮಾತುಗಳೂ ಇವೆ. ಇದನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೆ ಒಂದೇ ಯೋಚನೆ: ಆ ಅರಮನೆಯಲ್ಲಿ ಊಳಿಗದ ಹೆಂಗಸರು ಇನ್ನೆಷ್ಟು ಮಂದಿ ಇದ್ದಿರಬೇಕು! ಒಬ್ಬಳಿಗೆ ಬಾಗಿಲು ತೆರೆಯಿತು, ಅದೂ ರಾಣಿಯ ಮನಸ್ಸು ಒಲಿದದ್ದರಿಂದ. ವಿಶ್ವವಿದ್ಯಾನಿಲಯದ ಬಾಗಿಲಿನಲ್ಲಿ ಒಲಿಸಿಕೊಳ್ಳಬೇಕಾದ ರಾಣಿ ಇಲ್ಲ. ಅರ್ಜಿ ಹಾಕುವ ಹಕ್ಕಿದೆ. ಈ ವ್ಯತ್ಯಾಸವನ್ನು ನಾನು ಸಣ್ಣದೆಂದು ತಿಳಿಯಲಾರೆ.

ಹನೂರಿನ ಕಡೆಯ ಕತೆ ಸ್ವಲ್ಪ ಬೇರೆ. ಮಾದೇಶ್ವರನ ಬೆಟ್ಟದ ಸೀಮೆಯಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕತೆಯನ್ನು ರಾತ್ರಿಯೆಲ್ಲ ಹಾಡುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಗೆ ನಡೆದುಕೊಳ್ಳುವ ನೀಲಗಾರರು ತಂಬೂರಿ ಗಗ್ಗರಗಳೊಡನೆ ಮಂಟೇಸ್ವಾಮಿ ಸಿದ್ದಪ್ಪಾಜಿಯರನ್ನು ಹಾಡುತ್ತಾರೆ. ಓದುಬರಹ ಬಲ್ಲ ನಮ್ಮಂಥವರು ಇದನ್ನು ಬಹುಕಾಲ ಭಿಕ್ಷೆಯ ಹಾಡೆಂದು ದಾಟಿಹೋದೆವು. ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದಕ್ಕೆ ಪೀಠ ಹಾಕಿಕೊಟ್ಟ ಮೇಲೆ ನೋಟ ತಿರುಗಿತು. 1973ರಲ್ಲಿ ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ, ಅಕ್ಷರವಿಲ್ಲದ ನಾಲಗೆಯಲ್ಲಿ ಮಹಾಕಾವ್ಯವಿತ್ತೆಂದು ಪಂಡಿತರೂ ಒಪ್ಪಿದರು. ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1968ರಲ್ಲಿ ಆರಂಭವಾಗಿ ಜಯಲಕ್ಷ್ಮೀವಿಲಾಸದಲ್ಲಿ ನೆಲೆಗೊಂಡ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಹಳ್ಳಿ ಹಳ್ಳಿ ಅಲೆದು ವಸ್ತುಗಳನ್ನು ಕೂಡಿಸಿದವರಲ್ಲಿ ಪ್ರಮುಖರಾದ ಪಿ.ಆರ್. ತಿಪ್ಪೇಸ್ವಾಮಿಯವರು ಚಿತ್ರಕಾರರು. ಮೂಲೆಯಲ್ಲಿ ಗೆದ್ದಲು ತಿನ್ನುತ್ತಿದ್ದ ಮರದ ಬೊಂಬೆ ಕಲಾಕೃತಿಯಾಗಿ ಕಾಣಬೇಕಾದರೆ ಕಣ್ಣು ಪಳಗಿರಬೇಕು.

ನಷ್ಟವೂ ಆಗಿದೆ ಎನ್ನಿ. ರಾತ್ರಿಯಿಡೀ ನಡೆಯುವ ಕತೆ ವೇದಿಕೆಗೆ ಬಂದು ಹದಿನೈದು ನಿಮಿಷದ ಕುಣಿತವಾದುದನ್ನು ಎಲ್ಲರೂ ಕಂಡಿದ್ದೇವೆ. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ.

ಕೊಳ್ಳೇಗಾಲದ ನೇಕಾರರೊಬ್ಬರು ಮಗಳನ್ನು ಚಿತ್ರಕಲೆಯ ಕಾಲೇಜಿಗೆ ಸೇರಿಸುವುದೋ ಬೇಡವೋ ಎಂದು ಕೇಳಲು ನನ್ನಲ್ಲಿಗೆ ಬಂದಿದ್ದರು. “ಚಿತ್ರ ಬರಿಯಾಕ ಡಿಗ್ರಿ ಯಾಕ ಸಾ? ಇದ ಓದುದ್ರ ಏನ್ ಸಿಕ್ಕದು?” ಎಂದರು. ಕೈಯಲ್ಲಿ ಮಗಳು ಬರೆದ ಹಾಳೆಗಳ ಸುರುಳಿ. ಸೌಂದರ್ಯಪ್ರಜ್ಞೆ ಮುಂತಾಗಿ ಹೇಳಿದ್ದರೆ ಅವರು ಕೈಮುಗಿದು ಎದ್ದುಹೋಗುತ್ತಿದ್ದರು. ನಾನು ಮಗ್ಗದ ಮಾತನ್ನೇ ಎತ್ತಿದೆ. ಜಕಾರ್ಡ್ ಮಗ್ಗದಲ್ಲಿ ಸೆರಗಿನ ಹೂವು ಮೊದಲು ಹುಟ್ಟುವುದು ಚೌಕುಳಿ ಕಾಗದದ ಮೇಲೆ. ಒಂದೊಂದು ಚೌಕಕ್ಕೂ ಲೆಕ್ಕ ಹಿಡಿದು ರಟ್ಟಿಗೆ ತೂತು ಹೊಡೆದ ಮೇಲೆ ಎಳೆ ಏಳುತ್ತದೆ. ಈಗ ಅದನ್ನು ಕಂಪ್ಯೂಟರಿನಲ್ಲಿ ಬರೆಯುವುದೂ ಉಂಟು. ನೀವು ನೇಯುವ ನಕ್ಷೆ ಬರೆದವರು ಯಾರು ಎಂದು ಕೇಳಿದೆ. ನಕ್ಷೆ ಹೊರಗಿನಿಂದ ಬರುತ್ತದೆ ಎಂದರು. ಅದಕ್ಕೆ ಕೊಡುವ ಹಣ? ಅದನ್ನೂ ಹೇಳಿದರು, ಸ್ವಲ್ಪ ಬೇಸರದಿಂದಲೇ. ಹೂವು ಬರೆಯಲು ಕಲಿತವಳು ಮನೆಯಲ್ಲೇ ಇದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದೆ.

ಅವರು ಸುರುಳಿಯನ್ನು ಬಿಚ್ಚಿ ಹಾಳೆಗಳನ್ನು ಇನ್ನೊಮ್ಮೆ ನೋಡಿದರು. ಬಳೆಮಂಟಪದ ಕಂಬಗಳು, ಬೆಟ್ಟದ ದಾರಿ, ಅವರದೇ ಮಗ್ಗ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಮೈಸೂರ್‌ನಲ್ಲಿ ಹೆಣ್ಮಕ್ಕಳಿಗ ಹಾಸ್ಟ್ಲು ಸಿಕ್ಕದ ಸಾ?”