ಮೊದಲು ವಿಚಾರಣೆ, ಆಮೇಲೆ ಗಡಿ

ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯಿಂದ ಕೆಂಗೇರಿಯ ಕಡೆಗೆ ಹೋಗುವಾಗ ಗುಜರಿ ಅಂಗಡಿಗಳ ಹಿಂದೆ ಟಾರ್ಪಾಲಿನ್ ಗುಡಿಸಲುಗಳು ಕಾಣುತ್ತವೆ. ಬಾಟಲಿ, ರಟ್ಟು, ಕಬ್ಬಿಣವನ್ನು ಬೇರೆ ಬೇರೆ ಮಾಡುವ ಕೆಲಸ ಅಲ್ಲಿಯವರದು. ಅವರ ನಡುವೆ ಬಂಗಾಳಿ ಮಾತು ಕಿವಿಗೆ ಬಿದ್ದರೆ ಸಾಕು, ಬಸ್ಸಿನಲ್ಲಿ ಕುಳಿತವರು "ಬಾಂಗ್ಲಾದವರು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನಮ್ಮ ಮೊಹಲ್ಲಾಗಳ ಹಿರಿಯರೂ ಇದರಿಂದ ಹೊರತಲ್ಲ. ಬಂಗಾಳಿ ಎಂಬುದು ಪಶ್ಚಿಮ ಬಂಗಾಳದ ಭಾಷೆ, ತ್ರಿಪುರಾದ ಭಾಷೆ, ಅಸ್ಸಾಮಿನ ಬರಾಕ್ ಕಣಿವೆಯ ಭಾಷೆ. ಗಡಿ ದಾಟಿ ಕಾಗದವಿಲ್ಲದೆ ಬಂದವರೂ ಅವರ ನಡುವೆ ಇರಬಹುದು. ಅಂಥವರನ್ನು ವಾಪಸು ಕಳಿಸುವ ಅಧಿಕಾರ ಸರ್ಕಾರಕ್ಕೆ ಇದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಾರು ಪರದೇಶಿ ಎಂಬುದನ್ನು ತೀರ್ಮಾನಿಸುವುದು ಯಾರು, ಯಾವ ವಿಚಾರಣೆಯ ನಂತರ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಎಪ್ಪತ್ತೈದು ವರ್ಷಗಳ ಇತಿಹಾಸವಿದೆ. ಅದರ ಮೊದಲ ಪುಟಗಳಲ್ಲಿರುವವರು ನಮ್ಮವರೇ.

ದೇಶ ವಿಭಜನೆಗೆ ಮೊದಲು ಕಾಸರಗೋಡು, ಕಣ್ಣೂರು, ಮಲಪ್ಪುರಂ ಕಡೆಯ ಮಾಪಿಳ್ಳೆ ಯುವಕರು ಕರಾಚಿಗೆ ದುಡಿಯಲು ಹೋಗುತ್ತಿದ್ದರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, 1956ರ ವರೆಗೂ ಹಾಗೆಯೇ ಇತ್ತು. ಹೋಟೆಲಿನಲ್ಲಿ ಚಹಾ ಮಾಡುವುದು, ಬೀಡಿ ಕಟ್ಟುವುದು ಅವರ ಕಸುಬು. ಬೊಂಬಾಯಿಗೆ ಹೋದಷ್ಟೇ ಸಲೀಸಾಗಿ ಹೋದವರು, ಯಾವ ಗಡಿಯನ್ನೂ ದಾಟಿದವರಲ್ಲ. 1947ರ ಆಗಸ್ಟ್‌ನಲ್ಲಿ ಗಡಿಯೇ ಬಂದು ಅವರ ಮತ್ತು ಅವರ ಮನೆಯ ನಡುವೆ ನಿಂತಿತು. 1948ರ ಜುಲೈಯಲ್ಲಿ ಪರ್ಮಿಟ್ ಪದ್ಧತಿ, 1952ರ ಅಕ್ಟೋಬರ್‌ನಲ್ಲಿ ಪಾಸ್‌ಪೋರ್ಟ್ ಪದ್ಧತಿ ಬಂತು. ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಹೆಂಡತಿ ಮಕ್ಕಳು ಕಾದಿದ್ದಾರೆ ಎಂದು ಹೊರಟವರಿಗೆ ಅಲ್ಲಿ ಸಿಗುತ್ತಿದ್ದುದು ಪಾಕಿಸ್ತಾನದ ಪಾಸ್‌ಪೋರ್ಟ್. ಅದನ್ನು ಹಿಡಿದು, ವೀಸಾ ಮಾಡಿಸಿಕೊಂಡು ತಮ್ಮದೇ ಮನೆಗೆ ಅತಿಥಿಗಳಂತೆ ಬಂದರು. ವೀಸಾ ಮುಗಿಯಿತು, ಇವರು ಮನೆಯಲ್ಲೇ ಉಳಿದರು. ಹುಟ್ಟಿದ ಊರಿನಲ್ಲೇ 'ಪಾಕಿಸ್ತಾನಿ ಪ್ರಜೆ' ಎಂಬ ಕಡತ ಅವರ ಹೆಸರಿನಲ್ಲಿ ತೆರೆಯಿತು. ಮುಪ್ಪಿನವರೆಗೂ ಆ ಕಡತ ಮುಚ್ಚದವರೂ ಇದ್ದರು.

1955ರ ಪೌರತ್ವ ಕಾಯ್ದೆ, 1956ರ ನಿಯಮಗಳು ಇವರಿಗೆ ಕಠಿಣವಾಗಿದ್ದವು. ಬೇರೆ ದೇಶದ ಪಾಸ್‌ಪೋರ್ಟ್ ಪಡೆದರೆ ಅಲ್ಲಿನ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದಂತೆ ಎಂದು ನಿಯಮ ಹೇಳಿತು, ಸುಪ್ರೀಂ ಕೋರ್ಟ್ 1962ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದೇ ವರ್ಷ ಆಂಧ್ರದ ಒಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಮತ್ತೊಂದು ಮಾತನ್ನೂ ಹೇಳಿತು. ವ್ಯಕ್ತಿ ಪೌರತ್ವ ಕಳೆದುಕೊಂಡಿದ್ದಾನೆಯೇ ಎಂಬುದನ್ನು ಕೇಂದ್ರ ಸರ್ಕಾರ ಮೊದಲು ವಿಚಾರಣೆ ಮಾಡಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ರಾಜ್ಯ ಸರ್ಕಾರ ಅವನನ್ನು ಪರದೇಶಿ ಎಂದು ಹೊರಹಾಕುವಂತಿಲ್ಲ. 1965ರಲ್ಲಿ ಮದರಾಸಿನ ಪೊಲೀಸ್ ಕಮಿಷನರ್ ವಿರುದ್ಧದ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಬಲವಂತದಿಂದಲೋ ಮೋಸದಿಂದಲೋ ಆ ಪಾಸ್‌ಪೋರ್ಟ್ ಪಡೆಯಬೇಕಾಯಿತು ಎಂದು ಒಬ್ಬ ಹೇಳಿದರೆ, ಆ ಮಾತನ್ನು ಕೇಳದೆ ತೀರ್ಮಾನಿಸುವಂತಿಲ್ಲ.

ಅಬಿಸೀನಿಯಾದ ಹಿಜ್ರತ್‌ನ ಚರಿತ್ರೆ ಬಲ್ಲವರಿಗೆ ಇದು ಹೊಸ ಮಾತಲ್ಲ. ಖುರೈಷರ ದೂತರು ಉಡುಗೊರೆ ಹೊತ್ತು ಬಂದು, ಓಡಿಬಂದವರನ್ನು ಮಾತಿಗೆ ಕರೆಯದೆಯೇ ಒಪ್ಪಿಸಿಬಿಡಿ ಎಂದು ಕೇಳಿದಾಗ ನಜ್ಜಾಶಿ ದೊರೆ ಮೊದಲು ಮಾಡಿದ ಕೆಲಸ, ಅವರನ್ನೇ ದರ್ಬಾರಿಗೆ ಕರೆಸಿ ಕೇಳಿದ್ದು.

ಇನ್ನು ನಮ್ಮ ರಾಜ್ಯವೇ ಕರೆದು ನೆಲೆ ಕೊಟ್ಟವರ ಕಥೆ. 1960ರಲ್ಲಿ ಮೈಸೂರು ಸರ್ಕಾರ ಟಿಬೆಟ್‌ನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಚಳಿಗಾಲದಲ್ಲಿ ನಾವು ಸ್ವೆಟರ್ ಕೊಳ್ಳುವ ಆ ವ್ಯಾಪಾರಿಗಳು ಕಾನೂನಿನ ಲೆಕ್ಕದಲ್ಲಿ ವಿದೇಶಿಯರು, ನೋಂದಣಿ ಪತ್ರ ನವೀಕರಿಸುತ್ತಾ ಬದುಕಿದವರು. ಶಾಸ್ತ್ರಿ ಮತ್ತು ಸಿರಿಮಾವೋ ನಡುವಿನ 1964ರ ಒಪ್ಪಂದದಂತೆ ಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳಿಗೆ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಪುನರ್ವಸತಿ ಕ್ಯಾಂಪುಗಳಾದವು. ಇವತ್ತಿಗೂ ಅಲ್ಲಿ ಆ ಕ್ಯಾಂಪುಗಳಿಗೆ ನಂಬರೇ ಹೆಸರು. ಸರ್ಕಾರ ಮನಸ್ಸು ಮಾಡಿದರೆ ಭೂಮಿ, ಕೆಲಸ, ಶಾಲೆ ಎಲ್ಲವೂ ಸಾಧ್ಯ ಎಂಬುದಕ್ಕೆ ಇವು ಸಾಕ್ಷಿ. ಇದನ್ನು ನಾವು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಆಸರೆ ಸಿಕ್ಕಿದವರಿಗೆ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಆದರೂ ಕಾಗದದ ಪ್ರಶ್ನೆ ಬೈಲಕುಪ್ಪೆಯನ್ನೂ ಬಿಡಲಿಲ್ಲ. ಧರ್ಮಗುರು ಲಿಂಗ್ ರಿಂಪೋಚೆ 1985ರಲ್ಲಿ ಭಾರತದಲ್ಲೇ ಹುಟ್ಟಿದವರು. ಪಾಸ್‌ಪೋರ್ಟ್‌ಗಾಗಿ ಅವರು ಕರ್ನಾಟಕ ಹೈಕೋರ್ಟಿಗೆ ಹೋಗಬೇಕಾಯಿತು. 2013ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪಿನ ಹಿಂದಿರುವ ತಾರೀಖುಗಳು ನಮ್ಮ ಪ್ರತಿಯೊಂದು ಮನೆಗೂ ಸಂಬಂಧಪಟ್ಟವು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

1950ರ ಜನವರಿ 26ರಿಂದ 1987ರ ಜೂನ್ 30ರ ವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆ ತಾಯಿ ಯಾವ ದೇಶದವರಾಗಿದ್ದರೂ, ಕೆಲವು ಸಣ್ಣ ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರರು. 1987ರ ಜುಲೈ 1ರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಕಟ್ಟು ಇನ್ನೂ ಬಿಗಿಯಾಯಿತು: ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು 'ಅಕ್ರಮ ವಲಸಿಗ' ಆಗಿರಬಾರದು. ಸರಿಯಾದ ಕಾಗದವಿಲ್ಲದೆ ಒಳಬಂದವರು, ವೀಸಾ ಮುಗಿದ ಮೇಲೂ ಉಳಿದವರು ಇಬ್ಬರೂ ಈ ಪದದೊಳಗೆ ಬರುತ್ತಾರೆ. ಒಮ್ಮೆ ಆ ಹಣೆಪಟ್ಟಿ ಬಿದ್ದರೆ ಭಾರತೀಯನನ್ನು ಮದುವೆಯಾಗಿ ಏಳು ವರ್ಷ ಸಂಸಾರ ಮಾಡಿದರೂ ನೋಂದಣಿಯ ಮೂಲಕ ಪೌರತ್ವ ಸಿಗುವುದಿಲ್ಲ, ದೀರ್ಘ ವಾಸದ ಆಧಾರದ ಮೇಲೂ ಸಿಗುವುದಿಲ್ಲ. ತಪ್ಪು ಮಾಡಿದ್ದು ತಂದೆಯೋ ತಾಯಿಯೋ, ಬಾಗಿಲು ಮುಚ್ಚುವುದು ಇಲ್ಲೇ ಹುಟ್ಟಿದ ಮಗುವಿಗೆ. ಈ ಕಾನೂನಿನಲ್ಲಿ ನಮಗೆ ಅತ್ಯಂತ ನಿರ್ದಯವಾಗಿ ಕಾಣುವುದು ಇದೇ.

2019ರ ತಿದ್ದುಪಡಿ ಈ ಬೀಗವನ್ನು ಕೆಲವರಿಗೆ ತೆರೆಯಿತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಅಕ್ರಮ ವಲಸಿಗರಲ್ಲ ಎಂದಿತು. 2024ರ ಮಾರ್ಚ್‌ನಲ್ಲಿ ನಿಯಮಗಳು ಬಂದವು, ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವ ಪತ್ರ ಸಿಕ್ಕಿತು. ದಶಕಗಳಿಂದ ಇಲ್ಲೇ ಬೇಸಾಯ ಮಾಡಿದವರಿಗೆ ಪತ್ರ ಸಿಗುವುದಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ. ಅದೇ ಗಡಿಯನ್ನು ಅದೇ ಬಡತನದಿಂದ ದಾಟಿದ ಮುಸ್ಲಿಮನಿಗೆ ಅರ್ಜಿಯ ನಮೂನೆಯೇ ಇಲ್ಲ ಎಂಬುದೇ ವಾದ. ಆ ವಾದ ಸುಪ್ರೀಂ ಕೋರ್ಟಿನ ಮುಂದಿದೆ.

ಈಗ ಮತ್ತೆ ನಮ್ಮ ನಗರದ ಕಡೆಗೆ ಬರೋಣ. ಮಾಗಡಿ ರಸ್ತೆಯಲ್ಲಿ ತಾವರೆಕೆರೆಗೆ ಹೋಗಿ ನೆಲಮಂಗಲದ ಕಡೆಗೆ ತಿರುಗಿದರೆ ಸೊಂಡೆಕೊಪ್ಪ ಸಿಗುತ್ತದೆ. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿದ್ದ ಅಲ್ಲಿನ ಕಟ್ಟಡಕ್ಕೆ ಮುಳ್ಳುತಂತಿ, ಕಾವಲು ಗೋಪುರ ಹಾಕಿ 2019ರ ಕೊನೆಯ ಹೊತ್ತಿಗೆ ವಿದೇಶಿಯರ ಬಂಧನ ಕೇಂದ್ರವಾಗಿ ಮಾಡಿದರು. ಬಸವೇಶ್ವರನಗರ, ವಿಜಯನಗರದ ಕಡೆಯವರಿಗೆ ಅದು ದೂರದ ಸುದ್ದಿಯಲ್ಲ, ಮಾಗಡಿಗೆ ಹೋಗುವ ದಾರಿಯ ಪಕ್ಕದ ಊರು.

ಮರು ತಿಂಗಳೇ, 2020ರ ಜನವರಿಯಲ್ಲಿ, ನಗರದ ಪೂರ್ವಕ್ಕಿರುವ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಗುಡಿಸಲುಗಳನ್ನು ಯಂತ್ರ ತಂದು ನೆಲಸಮ ಮಾಡಿದರು. ಅಲ್ಲಿರುವವರು ಬಾಂಗ್ಲಾದ ಅಕ್ರಮ ವಲಸಿಗರು ಎಂಬುದೊಂದೇ ಕಾರಣ. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾ, ಬಂಗಾಳದವರು ಇದ್ದರು. ಕೂಲಿಗೆ ಬಂದ ನಮ್ಮ ಉತ್ತರ ಕರ್ನಾಟಕದವರೂ ಇದ್ದರು! ಮತದಾರರ ಚೀಟಿ, ಆಧಾರ್ ಹಿಡಿದು ಅವರು ಟಿವಿ ಕ್ಯಾಮೆರಾಗಳ ಮುಂದೆ ನಿಂತರು. ಪಿಯುಸಿಎಲ್ ಸಂಘಟನೆ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಈ ತೆರವು ಕಾನೂನುಬಾಹಿರ ಎಂದು ಕಂಡು, ಪುನರ್ವಸತಿಯ ಹೊಣೆ ಸರ್ಕಾರದ್ದು ಎಂದಿತು. 1962ರ ಮಾತು ಐವತ್ತೆಂಟು ವರ್ಷಗಳ ಮೇಲೂ ಬೆಂಗಳೂರಿನ ಠಾಣೆಗಳಿಗೆ ತಲುಪಿರಲಿಲ್ಲ ಎಂದೇ ನಾವು ತಿಳಿಯಬೇಕು.

ಅದೇ ವರ್ಷ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು, ಬಾಂಗ್ಲಾದವರೆಂದು ಆರೋಪ ಹೊತ್ತವರ ಜಾಮೀನು ಅರ್ಜಿಯಲ್ಲಿ ವಿವರವಾದ ಮಾರ್ಗಸೂಚಿ ಕೊಟ್ಟರು. ಇಂಥವರನ್ನು ಎಲ್ಲಿ, ಹೇಗೆ ಇಡಬೇಕು, ತಾಯಿಯೊಂದಿಗೆ ಇರುವ ಮಗುವಿನ ಗತಿ ಏನು, ವಾಪಸು ಕಳಿಸುವ ಕ್ರಮ ಯಾವುದು ಎಂಬುದೆಲ್ಲ ಅದರಲ್ಲಿದೆ. ಇಂಥ ಕೇಸು ಹಿಡಿದ ವಕೀಲರು ಅದನ್ನು ಓದಿರಬೇಕು.

2025ರಲ್ಲಿ ಕಾನೂನಿನ ಪುಸ್ತಕವೇ ಬದಲಾಯಿತು. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು, ವಲಸೆ ಮತ್ತು ವಿದೇಶಿಯರ ಕಾಯ್ದೆ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಕಾಗದವಿಲ್ಲದೆ ಒಳಬಂದರೆ 5 ವರ್ಷದ ವರೆಗೆ ಸೆರೆ, 5 ಲಕ್ಷ ರೂಪಾಯಿ ವರೆಗೆ ದಂಡ. ವೀಸಾ ಮೀರಿ ಉಳಿದರೆ 3 ವರ್ಷ, 3 ಲಕ್ಷ. ಒಂದು ಅಂಶ ಮಾತ್ರ ಹಾಗೆಯೇ ಉಳಿಯಿತು: ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪ ಹೊತ್ತವನ ಮೇಲೆಯೇ. ಕಳ್ಳತನದ ಕೇಸಿನಲ್ಲಿ ಪೊಲೀಸರು ಸಾಬೀತು ಮಾಡಬೇಕು, ಇಲ್ಲಿ ಗುಜರಿ ಆಯುವವನೇ ಮಾಡಬೇಕು.

ಅದೇ ವರ್ಷ ಜೂನ್‌ನಲ್ಲಿ ದೆಹಲಿಯಲ್ಲಿ ಗುಜರಿ ಆಯುತ್ತಿದ್ದ, ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ಗಂಡ, ಮಗುವಿನ ಸಮೇತ ಹಿಡಿದು ಬಾಂಗ್ಲಾದೇಶದೊಳಕ್ಕೆ ಕಳಿಸಿಬಿಟ್ಟರು. ಶಂಕಿತರ ಊರಿಗೆ ಬರೆದು ಪರಿಶೀಲಿಸಲು ಮೂವತ್ತು ದಿನ ಎಂದು ಗೃಹ ಸಚಿವಾಲಯದ ಸೂಚನೆಯೇ ಇತ್ತು, ಅದನ್ನೂ ಕಾಯಲಿಲ್ಲ. ಸೆಪ್ಟೆಂಬರ್ 26ರಂದು ಕಲ್ಕತ್ತಾ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿ ಅವರನ್ನು ವಾಪಸು ಕರೆತರಲು ಹೇಳಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಗಿ, ಡಿಸೆಂಬರ್‌ನಲ್ಲಿ ತಾಯಿ ಮತ್ತು ಮಗ ಮಾಲ್ದಾ ಗಡಿಯಿಂದ ಮರಳಿದರು.

ಕಾಗದವಿಲ್ಲದವರು ಎಂದರೆ ಮೂಗು ಮುರಿಯುವ ಮೊದಲು ನಮ್ಮ ಮನೆಗಳ ಕಡೆಗೂ ನೋಡಿಕೊಳ್ಳಬೇಕು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಹುಡುಗರು ಗಲ್ಫಿನಲ್ಲಿ ಇಕಾಮಾ ಮುಗಿದು, ಇಲ್ಲವೇ ಕಫೀಲ್ 'ಹುರೂಬ್' ಹಾಕಿ, ಪೊಲೀಸರ ಕಣ್ಣು ತಪ್ಪಿಸಿ ದುಡಿದವರೇ. ಸೌದಿ ಅರೇಬಿಯಾ 2017ರಲ್ಲಿ, ಯುಎಇ 2018 ಮತ್ತು 2024ರಲ್ಲಿ ಕ್ಷಮಾದಾನ ಘೋಷಿಸಿದಾಗ ಇಂಥವರು ದಂಡವಿಲ್ಲದೆ ಊರಿಗೆ ಬಂದರು. ಯುಎಇಯಲ್ಲಿ ಕಾಗದ ಸರಿಪಡಿಸಿಕೊಂಡು ಅಲ್ಲೇ ಉಳಿಯುವ ಅವಕಾಶವೂ ಇತ್ತು. ಆ ಸಾಲಿನಲ್ಲಿ ನಿಂತವರ ಧರ್ಮವನ್ನು ಯಾರೂ ಕೇಳಲಿಲ್ಲ. ಭಾರತದಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಕ್ಷಮಾದಾನವಿಲ್ಲ, ನಿರಾಶ್ರಿತರಿಗೆಂದು ಪ್ರತ್ಯೇಕ ಕಾಯ್ದೆಯೂ ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ. ರೋಹಿಂಗ್ಯಾಗಳ ವಿಷಯದಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಜೀವ ಮತ್ತು ಸಮಾನತೆಯ ಹಕ್ಕು ಪೌರರಲ್ಲದವರಿಗೂ ಇದೆ, ಇಲ್ಲೇ ಉಳಿಯುವ ಹಕ್ಕು ಇಲ್ಲ, ಆದರೆ ನಿಗದಿತ ಕ್ರಮ ಅನುಸರಿಸದೆ ಕಳಿಸುವಂತಿಲ್ಲ.

ಹಾಗಾದರೆ ಉಳಿದಿರುವ ದಾರಿಗಳು ಯಾವುವು? ಪಾಕಿಸ್ತಾನದಿಂದ ಸೊಸೆಯಾಗಿ ಬಂದವರಿಗೆ ದೀರ್ಘಾವಧಿ ವೀಸಾ ಇದೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಯರ ವೀಸಾಗಳನ್ನು ರದ್ದುಮಾಡಿದಾಗ ಗೃಹ ಸಚಿವಾಲಯ ಈ ವೀಸಾಕ್ಕೆ ವಿನಾಯಿತಿ ಕೊಟ್ಟಿತ್ತು. ಅದನ್ನು ಅವಧಿಗೆ ಮೊದಲೇ ನವೀಕರಿಸಬೇಕು. ಬೆಂಗಳೂರಿನಲ್ಲಿ ಅದರ ಕಚೇರಿ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ, ಅರ್ಜಿಯನ್ನು ಆನ್‌ಲೈನ್‌ನಲ್ಲಿಯೇ ಹಾಕಬಹುದು. ಒಂದು ದಿನ ಮೀರಿದರೂ 'ಅಕ್ರಮ' ಎಂಬ ಪದ ಅಂಟಿಕೊಳ್ಳುವ ಅಪಾಯವಿದೆ. ಭಾರತೀಯರೇ ಆಗಿದ್ದು ಶಂಕೆಗೆ ಒಳಗಾದವರಿಗೆ ಹುಟ್ಟಿನ ದಾಖಲೆ, ಶಾಲೆಯ ಟಿಸಿ, ತಂದೆಯ ಹೆಸರಿರುವ ಹಳೆಯ ಮತದಾರರ ಪಟ್ಟಿ, ಜಮೀನಿನ ಪಹಣಿ ಕೆಲಸಕ್ಕೆ ಬರುತ್ತವೆ. ಆಧಾರ್ ಪೌರತ್ವದ ಪುರಾವೆಯಲ್ಲ, ಅದರ ಕಾಯ್ದೆಯೇ ಹಾಗೆ ಹೇಳುತ್ತದೆ. ನಕಲಿ ಕಾಗದ ಮಾಡಿಸಿಕೊಡುವ ದಲ್ಲಾಳಿಗಳ ಬಾಗಿಲಿಗಂತೂ ಹೋಗಲೇಬಾರದು. ನಕಲಿ ಪಾಸ್‌ಪೋರ್ಟ್, ವೀಸಾಕ್ಕೆ ಹೊಸ ಕಾಯ್ದೆಯಲ್ಲಿ ಕನಿಷ್ಠ 2 ವರ್ಷ, ಗರಿಷ್ಠ 7 ವರ್ಷ ಸೆರೆ.

ಬಂಧನವಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಾಗಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು ಉಚಿತ ವಕೀಲರನ್ನು ಪಡೆಯಬಹುದು. ಆ ಸೆಕ್ಷನ್ನಿನಲ್ಲಿ 'ಪೌರ' ಎಂಬ ಷರತ್ತು ಇಲ್ಲ. ಸಹಾಯವಾಣಿಯ ಸಂಖ್ಯೆ 15100. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ನಮಾಜಿನ ಸಮಯಗಳ ಕೆಳಗೆ ಇದಕ್ಕೂ ಒಂದು ಸಾಲು ಜಾಗವಿದೆ.