ಬಂದೂಕು ಕಾರ್ಖಾನೆಯ ಥ್ರೆಡ್ಡೂ ನನ್ನ ಹಳೇ ಗೇರ್ ಸೈಕಲ್ಲೂ

ಬೆಳಿಗ್ಗೆ ಮೋಟಾರ್ ಹಾಕೋಕೆ ನಾಲೆ ಏರಿ ಮೇಲೆ ಹೋಗುವಾಗ ನನ್ನ ಸೈಕಲ್ಲಿನ ಕಟಕಟ ಕೇಳಿ ನೀವೆಲ್ಲ ನಗ್ತಿದ್ರಲ್ಲ, ಅದು ಪೆಡಲ್ ಸದ್ದಲ್ಲ. ಎರಡೂ ಕ್ರ್ಯಾಂಕ್ ಸೇರಿಸೋ ಆಕ್ಸಲ್ಲು, ಅದರ ಬಾಲ್ಸು, ಕಪ್ಪು, ಅಂದ್ರೆ ಶಾಪಿನವರು ಬಿಬಿ ಅನ್ನೋ ಭಾಗ ಸವೆದಿತ್ತು. ಸೈಕಲ್ಲು ತೊಂಬತ್ತರ ದಶಕದ ಸ್ಟೀಲ್ ಮೌಂಟನ್ ಬೈಕು, ಬೆಂಗಳೂರಿನ ನಮ್ಮ ಭಾವ ಕೊಟ್ಟಿದ್ದು. ಪಂಪ್‌ಹೌಸಿಗೆ ದಿನಕ್ಕೆ ಎರಡು ಸಲ ಹೋಗಿಬರೋಕೆ ನನಗಿರೋದು ಅದೊಂದೇ ಗಾಡಿ.

ಪೇಟೆಯ ಒಂದು ಶಾಪಿನಲ್ಲಿ ಬಿಚ್ಚೋಕೆ ಕೊಟ್ಟೆ. ಹುಡುಗ ಬಲಗಡೆ ಕಪ್ಪಿಗೆ ಪೈಪ್ ರಿಂಚ್ ಹಾಕಿ, ಎಲ್ಲಾ ನಟ್ ಬಿಚ್ಚೋ ಹಾಗೆ ತಿರುಗಿಸಿ, ಸುತ್ತಿಗೆಯಲ್ಲೂ ಹೊಡೆದ. ಕಪ್ಪು ಇನ್ನೂ ಬಿಗಿಯಾಯ್ತು, ಅಂಚು ಕಿತ್ತುಹೋಯ್ತು. "ಅಣ್ಣಾ, ಇದಕ್ಕೆ ಸಾಮಾನು ಸಿಗಲ್ಲ, ಗುಜರಿಗೆ ಹಾಕಿ" ಅಂದ. ಮನೆಗೆ ತಂದು ಕೊಟ್ಟಿಗೆಯಲ್ಲಿ ಒರಗಿಸಿ, ಇದರ ಹಿಂದಿನ ಕಥೆ ಓದೋಕೆ ಕೂತೆ.

ಕಥೆ ಶುರುವಾಗೋದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿನ ಬಂದೂಕು ಕಸುಬುದಾರರು 1861ರಲ್ಲಿ ಸೇರಿ ಕಟ್ಟಿದ ಕಂಪನಿ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಚಿಕ್ಕದಾಗಿ ಬಿಎಸ್‌ಎ. ಹೌದು, ನಮ್ಮ ಮಕ್ಕಳು ಓಡಿಸೋ ಬಿಎಸ್‌ಎ ಸೈಕಲ್ಲಿನ ಹೆಸರು ಅಲ್ಲಿಂದಲೇ ಬಂದದ್ದು. 1880ರ ಹೊತ್ತಿಗೆ ಅವರು ಸೈಕಲ್ ಕೆಲಸಕ್ಕೂ ಇಳಿದ್ರು, ಆಮೇಲೆ ಬೇರೆ ಕಂಪನಿಗಳಿಗೂ ಬಿಡಿಭಾಗ ಮಾರಿದ್ರು. ಅವರ ಹೆಸರಿನ ಬಿಬಿ ಥ್ರೆಡ್ 1.37 ಇಂಚು ಅಗಲ, ಇಂಚಿಗೆ 24 ಸುತ್ತು, ಬಲಗಡೆ ಉಲ್ಟಾ ಥ್ರೆಡ್.

ಉಲ್ಟಾ ಯಾಕೆ? ತುಳಿದಾಗ ಆಕ್ಸಲ್ ಮುಂದಕ್ಕೆ ತಿರುಗುತ್ತೆ, ಆದರೆ ನಮ್ಮ ಭಾರ ಬಾಲ್ಸ್ ಮೇಲೆ ಉರುಳುತ್ತಾ ಉರುಳುತ್ತಾ ಕಪ್ಪನ್ನು ಕೂದಲೆಳೆಯಷ್ಟು ಹಿಂದಕ್ಕೆ ಜಾರಿಸುತ್ತೆ. ಮಾಮೂಲಿ ಥ್ರೆಡ್ ಆಗಿದ್ರೆ ಬಲಗಡೆ ಕಪ್ಪು ತಾನಾಗೇ ಬಿಚ್ಕೊಳ್ಳುತ್ತೆ. ಉಲ್ಟಾ ಆದ್ರೆ ತುಳಿದಷ್ಟೂ ಬಿಗಿ. ಕುಡುಗೋಲು ಹಿಡಿಸೋ ಗ್ರೈಂಡರ್ ಕಲ್ಲಿನ ಎಡಗಡೆ ನಟ್ಟೂ ಉಲ್ಟಾ ಇರುತ್ತೆ ನೋಡಿ, ಅಲ್ಲೂ ತಿರುಗೋ ದಿಕ್ಕು ನೋಡಿಯೇ ಹಾಗೆ ಇಟ್ಟಿರೋದು. ಇಟಲಿಯವರು 36 ಮಿಲಿಮೀಟರಿನ ಥ್ರೆಡ್ ಇಟ್ಕೊಂಡು ಎರಡೂ ಕಡೆ ಮಾಮೂಲಿಯೇ ಮಾಡಿದ್ರು. ಅವರ ಬಲಗಡೆ ಕಪ್ಪು ಸಡಿಲಾಗೋ ತಕರಾರು ಇವತ್ತಿಗೂ ಇದೆ. ಫ್ರೆಂಚರದ್ದು 35 ಮಿಲಿಮೀಟರು. ಇಂಗ್ಲೆಂಡಿನವರೇ ಆದ ರ್ಯಾಲಿ ಕಂಪನಿ ಇಂಚಿಗೆ 26 ಸುತ್ತಿನ ತನ್ನದೇ ಥ್ರೆಡ್ ಇಟ್ಕೊಂಡಿತ್ತು.

ಮೌಂಟನ್ ಬೈಕ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿ ಬೆಟ್ಟಗಳಲ್ಲಿ. ಅಲ್ಲಿನ ಹುಡುಗರು ದಪ್ಪ ಟೈರಿನ ಹಳೇ ಸೈಕಲ್ ತಗೊಂಡು ಬೆಟ್ಟ ಇಳೀತಿದ್ರು. 1976ರಲ್ಲಿ ಶುರುವಾದ ಅವರ ರೇಸಿಗೆ ರೀಪ್ಯಾಕ್ ಅಂತ ಹೆಸರು. ಒಂದು ಸಲ ಇಳಿದ್ರೆ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಸುಟ್ಟುಹೋಗಿ, ಮತ್ತೆ ಗ್ರೀಸ್ ತುಂಬಬೇಕಿತ್ತು, ಅದಕ್ಕೆ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ಅನ್ನೋ ಸೈಕಲ್ಲನ್ನ ಜಪಾನಿನಲ್ಲಿ ಮಾಡಿಸಿ ಮಾರಿತು. ಹಾಗೆ ಜಪಾನು, ತೈವಾನಿನಿಂದ ಬಂದ ಮೌಂಟನ್ ಬೈಕುಗಳಿಗೆಲ್ಲ ಈ ಇಂಗ್ಲಿಷ್ ಥ್ರೆಡ್ಡೇ ಕಾಯಂ ಆಯ್ತು.

ಆಕ್ಸಲ್ ಮಾತ್ರ ಬದಲಾಗ್ತಾ ಹೋಯ್ತು. ಮೊದಲು ಕಾಟರ್ ಪಿನ್, ನಮ್ಮಪ್ಪನ ಸೈಕಲ್ಲಿನ ಹಾಗೆ. 1933ರಲ್ಲಿ ಫ್ರಾನ್ಸಿನ ಸ್ಟ್ರಾಂಗ್‌ಲೈಟ್ ಕಂಪನಿ ಪಿನ್ ಬಿಟ್ಟು ಚೌಕ ತುದಿಯ ಆಕ್ಸಲ್ ತಂತು. ಆಮೇಲೆ ಶಿಮಾನೊ ಹಲ್ಲಿನ ಆಕ್ಸಲ್ ಮಾಡ್ತು, 2003ರಲ್ಲಿ ಬೇರಿಂಗನ್ನೇ ಹೊರಗಿಟ್ಟಿತು. ಇನ್ನು ಕೆಲವರು ಥ್ರೆಡ್ಡನ್ನೇ ತೆಗೆದು ಬೇರಿಂಗ್ ಒತ್ತಿ ಕೂರಿಸಿದ್ರು. ಅದು ಕಿರುಗುಟ್ಟೋಕೆ ಶುರುವಾಗಿ, ಈಗ ಎಷ್ಟೋ ಕಂಪನಿ ಮತ್ತೆ ಥ್ರೆಡ್ಡಿಗೇ ಬಂದಿವೆ. ನನಗಂತೂ ನಗು ಬಂತು.

ಇಷ್ಟು ಗೊತ್ತಾದ ಮೇಲೆ ಟಿಲ್ಲರಿನ ಒಂದು ದಪ್ಪ ಬೋಲ್ಟು, ಎರಡು ವಾಷರು, ನಟ್ಟು ತಗೊಂಡು ಕಪ್ಪಿನ ತೂತಲ್ಲಿ ತೂರಿಸಿ ಬಿಗಿದೆ. ಬೋಲ್ಟ್ ಬಿಗಿಯೋ ದಿಕ್ಕೇ ಉಲ್ಟಾ ಥ್ರೆಡ್ ಬಿಚ್ಚೋ ದಿಕ್ಕು. ರಾತ್ರಿ ಸೀಮೆಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಸ್ಪ್ಯಾನರಿಗೆ ಪೈಪ್ ಹಾಕಿ ಎಳೆದಾಗ ಟಕ್ ಅಂತ ಬಿಟ್ಟಿತು. ಒಳಗಿನ ಥ್ರೆಡ್ ಉಳಿದಿತ್ತು.

ಹೊಸದು ಆರಿಸುವಾಗ ಅಳತೆ ಮುಖ್ಯ. ಫ್ರೇಮಿನ ಶೆಲ್ ಅಗಲ 68 ಅಥವಾ 73 ಮಿಲಿಮೀಟರ್ ಇರುತ್ತೆ, ನನ್ನದು 68. ಬಾಲ್ಸ್ ಹಾಕೋ ಬಿಬಿ ಬೇಡ ಅಂದ್ಕೊಂಡೆ, ಕೆಸರಲ್ಲಿ ವರ್ಷ ಬಾಳಲ್ಲ. ಬೇರಿಂಗ್ ಒಳಗೇ ಮುಚ್ಚಿರೋ ಕಾರ್ಟ್ರಿಜ್, ಚೌಕ ತುದಿಯದ್ದೇ ಬೇಕು, ಇಲ್ಲದಿದ್ರೆ ಕ್ರ್ಯಾಂಕೂ ಬದಲಿಸಬೇಕು. ಹಳೇ ಆಕ್ಸಲ್ ಬಲಗಡೆ ತುಸು ಉದ್ದ ಇತ್ತು, ಕಾರ್ಟ್ರಿಜ್‌ನದ್ದು ಎರಡೂ ಕಡೆ ಸಮ. ಅದಕ್ಕೆ ಒಟ್ಟು ಉದ್ದ ನೋಡದೆ, ಶೆಲ್ಲಿನಿಂದ ಬಲಗಡೆ ತುದಿಗೆ ಎಷ್ಟು ಅಂತ ವರ್ನಿಯರ್‌ನಲ್ಲಿ ಅಳೆದು 122.5 ತರಿಸಿದೆ. ಗಿಡ್ಡ ಆಗಿದ್ರೆ ಚಿಕ್ಕ ಚೈನ್‌ವೀಲ್ ಫ್ರೇಮಿಗೆ ತಾಗ್ತಿತ್ತು, ಉದ್ದ ಆಗಿದ್ರೆ ಚೈನು ಓರೆ. ಒಬ್ಬ ಆಳಿನ ಒಂದು ದಿನದ ಕೂಲಿಯಷ್ಟು ಖರ್ಚಾಯ್ತು.

ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಕೈಯಲ್ಲೇ ತಿರುಗಿಸಿದೆ, ಮುಕ್ಕಾಲು ಭಾಗ ಸಲೀಸಾಗಿ ಹೋಯ್ತು. ಬೋಲ್ಟು ಕೊಟ್ಟಿಗೆ ಗೂಟದಲ್ಲೇ ನೇತಾಕಿದೀನಿ, ಯಾರಿಗಾದ್ರೂ ಬೇಕಾದ್ರೆ ಬಂದು ತಗೊಂಡು ಹೋಗಿ.