ಹಳೆಯ .22 ರೈಫಲ್: ಕಾಡತೂಸು ಸಿಲುಕುವುದೇಕೆ, ದುರಸ್ತಿ ಹೇಗೆ?

ಗುಂಡು ಹಾರಿದೊಡನೆ ಖಾಲಿ ಕೋಶವನ್ನು ತಾನೇ ಹೊರಹಾಕಿ, ಮುಂದಿನ ಕಾಡತೂಸನ್ನು ತಾನೇ ತುಂಬಿಕೊಳ್ಳುವುದು ಅರೆ ಸ್ವಯಂಚಾಲಿತ ರೈಫಲಿನ ಗುಣ. ರೈಫಲ್ ಹಳೆಯದಾದಂತೆ ಮೊದಲು ಕೈಕೊಡುವುದೂ ಇದೇ ಕೆಲಸ. ಕಾಡತೂಸು ಅರ್ಧದಾರಿಯಲ್ಲಿ ಸಿಲುಕಿದ ರೈಫಲ್ ಕೆಟ್ಟು ಹೋಯಿತೆಂದು ಮೂಲೆ ಸೇರುತ್ತದೆ, ಇಲ್ಲವೇ ಅರಿಯದವರ ಕೈಯ ಅರಕ್ಕೆ ಸಿಕ್ಕಿ ನಿಜವಾಗಿಯೂ ಕೆಡುತ್ತದೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಇದರ ಹಿಂದಿರುವುದು ಕೊಳೆ, ಸೋತ ಸ್ಪ್ರಿಂಗ್ ಅಥವಾ ಹೊಂದದ ಕಾಡತೂಸು. ಪರೀಕ್ಷೆಯ ಕ್ರಮ ತಪ್ಪದಿದ್ದರೆ ಲೋಹವನ್ನು ಉಜ್ಜುವ ಪ್ರಸಂಗ ಬರುವುದೇ ವಿರಳ.

ಶತಮಾನದ ಇತಿಹಾಸ

ಈ ಬಗೆಯ ರೈಫಲುಗಳು ಬಳಸುವ .22 ಲಾಂಗ್ ರೈಫಲ್ ಕಾಡತೂಸು ಅಮೆರಿಕದಲ್ಲಿ ರೂಪುಗೊಂಡಿದ್ದು 1887ರಲ್ಲಿ. ವಿಂಚೆಸ್ಟರ್ ಕಂಪೆನಿಯು 1903ರಲ್ಲಿ ತನ್ನ ಅರೆ ಸ್ವಯಂಚಾಲಿತ ರೈಫಲನ್ನು ಹೊರತಂದಾಗ ಅದಕ್ಕೆಂದೇ ಬೇರೊಂದು .22 ಕಾಡತೂಸನ್ನು ರೂಪಿಸಿತು. ಆ ಕಾಲದಲ್ಲಿ ಹೊಗೆ ಉಗುಳುವ ಕರಿಮದ್ದಿನ ಕಾಡತೂಸುಗಳು ಇನ್ನೂ ಬಳಕೆಯಲ್ಲಿದ್ದವು. ಅವುಗಳ ಮಸಿ ಸೂಕ್ಷ್ಮ ಯಂತ್ರಾಂಗಗಳನ್ನು ಕಟ್ಟಿಹಾಕುತ್ತದೆ ಎಂಬ ಭಯವೇ ಇದಕ್ಕೆ ಕಾರಣ. ಅಂದರೆ ಕೊಳೆಯ ಸಮಸ್ಯೆ ಈ ರೈಫಲಿನಷ್ಟೇ ಹಳೆಯದು.

ನಂತರ ಮನೆಮಾತಾದದ್ದು 1960ರಲ್ಲಿ ಬಂದ ಮಾರ್ಲಿನ್ ಮಾಡೆಲ್ 60. ಗ್ಲೆನ್‌ಫೀಲ್ಡ್ ಎಂಬ ಹೆಸರಿನಲ್ಲೂ ಮಾರಾಟವಾದ ಇದು 1.1 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಮಾರ್ಲಿನ್ ಕಂಪೆನಿಯ ಒಡೆತನ ಹೊಂದಿದ್ದ ರೆಮಿಂಗ್ಟನ್ 2020ರಲ್ಲಿ ದಿವಾಳಿಯಾದಾಗ ಇದರ ತಯಾರಿಕೆ ನಿಂತಿತು. ಹೀಗಾಗಿ ಅಮೆರಿಕದಲ್ಲಿ ಹಳೆಯ ರೈಫಲಿನ ದುರಸ್ತಿಯ ಮಾತು ಬಂದಾಗ ಪದೇ ಪದೇ ಕೇಳಿಬರುವ ಹೆಸರು ಇದೇ.

ಕಾರ್ಯವಿಧಾನ

ದೊಡ್ಡ ರೈಫಲುಗಳ ಕಾಡತೂಸಿನಲ್ಲಿ ಕಿಡಿ ಹುಟ್ಟಿಸುವ ಮದ್ದು ತಳದ ನಡುವೆ ಪ್ರತ್ಯೇಕ ಗುಂಡಿಯಲ್ಲಿರುತ್ತದೆ. ರಿಮ್‌ಫೈರ್ ಕಾಡತೂಸಿನಲ್ಲಾದರೋ ಅದು ತಳದ ಅಂಚಿನ ಸುತ್ತ ಹರಡಿಕೊಂಡಿರುತ್ತದೆ. ಅದಕ್ಕಾಗಿ ಅಂಚು ಹೊರಚಾಚಿರಲೇಬೇಕು, ಕೋಶದ ಲೋಹ ತೆಳ್ಳಗಿರಲೇಬೇಕು. ಸೀಸದ ಗುಂಡು ಕೋಶದಷ್ಟೇ ದಪ್ಪವಾಗಿದ್ದು, ಅದರ ಮೇಲಿನ ಮೇಣ ಅಥವಾ ಜಿಡ್ಡಿನ ಲೇಪನ ಹೊರಗೇ ಉಳಿಯುತ್ತದೆ. ಈ ಜಿಡ್ಡು, ಸೀಸದ ಪುಡಿ ಹಾಗೂ ಮದ್ದಿನ ಮಸಿ ಸೇರಿ ಯಂತ್ರದೊಳಗೆ ಅಂಟಾದ ಕೆಸರಾಗುತ್ತವೆ.

ಮಾಡೆಲ್ 60ರಲ್ಲಿ ನಳಿಗೆಯ ಕೆಳಗೊಂದು ಕೊಳವೆ ಇದೆ. ಅದರೊಳಗಿನ ಸ್ಪ್ರಿಂಗ್ ಕಾಡತೂಸುಗಳನ್ನು ಹಿಂದಕ್ಕೆ ದೂಡುತ್ತದೆ. ಹಿಂದೆ ಬಂದ ಕಾಡತೂಸನ್ನು ಎತ್ತುಗ ಎನ್ನಬಹುದಾದ ಪುಟ್ಟ ತಗಡು ಮೇಲಕ್ಕೆತ್ತುತ್ತದೆ. ಬೋಲ್ಟ್ ಅದನ್ನು ಚೇಂಬರಿಗೆ ತಳ್ಳುತ್ತದೆ. ಗುಂಡು ಹಾರಿದಾಗ ಬೋಲ್ಟನ್ನು ಹಿಡಿದಿಡುವ ಬೀಗವೇನೂ ಇಲ್ಲ. ಅದರ ತೂಕ ಮತ್ತು ಸ್ಪ್ರಿಂಗಿನ ಬಲವೇ ತಡೆ. ಅನಿಲದ ಒತ್ತಡ ಈ ತಡೆಯನ್ನು ಮೀರಿದಷ್ಟೇ ಬೋಲ್ಟ್ ಹಿಂದೆ ಸರಿಯುತ್ತದೆ. ಬಲ ತುಸು ತಗ್ಗಿದರೂ, ಜಿಡ್ಡು ತುಸು ಹೆಚ್ಚಿದರೂ ಲೆಕ್ಕ ತಪ್ಪುತ್ತದೆ.

ಮೊದಲು ಸುರಕ್ಷತೆ

ಕಾಡತೂಸು ಸಿಲುಕಿದ ರೈಫಲ್ ತುಂಬಿದ ರೈಫಲೇ ಹೌದು. ಅಪಘಾತಕ್ಕೆ ಹೆಚ್ಚು ಅವಕಾಶವಿರುವ ಗಳಿಗೆಯೂ ಇದೇ. ನಳಿಗೆ ಸುರಕ್ಷಿತ ದಿಕ್ಕಿಗಿರಬೇಕು, ಬೆರಳು ಟ್ರಿಗರ್‌ನಿಂದ ದೂರವಿರಬೇಕು, ಕಣ್ಣಿಗೆ ಕನ್ನಡಕವಿರಬೇಕು. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಕನಿಷ್ಠ 30 ಸೆಕೆಂಡು ಕಾಯುವುದು ರೂಢಿ. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ.

ಸಿಲುಕಿದ ಕಾಡತೂಸನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮೀಟುವುದು ಅಪಾಯಕರ. ಅಂಚಿನ ಯಾವ ಭಾಗ ನಲುಗಿದರೂ ಅದು ಸಿಡಿಯಬಹುದು. ಕೊಳವೆಯನ್ನು ಹೊರಗೆಳೆದ ಮಾತ್ರಕ್ಕೆ ರೈಫಲ್ ಖಾಲಿಯಾಯಿತೆಂದು ಭಾವಿಸಕೂಡದು. ಎತ್ತುಗದ ಮೇಲೊಂದು, ಚೇಂಬರಿನಲ್ಲೊಂದು ಕಾಡತೂಸು ಉಳಿದಿರಬಹುದು. ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಗುಂಡಿನ ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ ನಳಿಗೆಯೊಳಗೆ ಸೀಸ ಉಳಿದಿದೆಯೇ ಎಂದು ನೋಡದೆ ಮುಂದಿನ ಗುಂಡು ಹಾರಿಸಬಾರದು.

ಲಕ್ಷಣ ನೋಡಿ ದೋಷ ಗುರುತಿಸಿ

* ಖಾಲಿ ಕೋಶ ಚೇಂಬರಿನಲ್ಲೇ ಉಳಿದರೆ: ಚೇಂಬರಿನಲ್ಲಿ ಕೊಳೆ ಇರಬಹುದು, ಕೋಶವನ್ನು ಸೆಳೆಯುವ ಕೊಕ್ಕೆ ಸವೆದಿರಬಹುದು.
* ಖಾಲಿ ಕೋಶ ಹೊರಬೀಳುವ ಕಿಂಡಿಯಲ್ಲಿ ನೆಟ್ಟಗೆ ನಿಂತರೆ: ಬೋಲ್ಟ್ ಪೂರ್ತಿ ಹಿಂದೆ ಹೋಗಿಲ್ಲ. ಗಟ್ಟಿಯಾದ ಹಳೆಯ ಎಣ್ಣೆ ಅಥವಾ ಕಡಿಮೆ ಬಲದ ಕಾಡತೂಸು ಕಾರಣವಿರಬಹುದು.
* ಹೊಸ ಕಾಡತೂಸಿನ ಮೂತಿ ನಳಿಗೆಯ ಕೆಳ ಅಂಚಿಗೆ ಬಡಿದರೆ: ಎತ್ತುಗ, ಅದರ ಸ್ಪ್ರಿಂಗ್ ಅಥವಾ ಕಾಡತೂಸು ಹಾದುಬರುವ ಗಂಟಲಿನಲ್ಲಿ ದೋಷವಿರಬಹುದು.
* ಬೋಲ್ಟ್ ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಂಡರೆ: ಕೊಳವೆ ನೆಗ್ಗಿರಬಹುದು, ಒಳಗಿನ ಸ್ಪ್ರಿಂಗ್ ಸೋತಿರಬಹುದು.
* ಎರಡು ಕಾಡತೂಸು ಒಟ್ಟಿಗೆ ನುಗ್ಗಿದರೆ: ಗಂಟಲಿನ ಸವೆತವನ್ನೂ ಎತ್ತುಗದ ಸ್ಪ್ರಿಂಗನ್ನೂ ಪರೀಕ್ಷಿಸಬೇಕು.

ದುರಸ್ತಿಯ ಕ್ರಮ

ಮೊದಲ ಹೆಜ್ಜೆ ಶುಚಿ. ಬೋಲ್ಟಿನ ಮುಖ, ಕೊಕ್ಕೆಯ ಸಂದು, ಚೇಂಬರ್, ಎತ್ತುಗದ ಸುತ್ತಲಿನ ಜಾಗಗಳನ್ನು ದ್ರಾವಕ ಮತ್ತು ಬ್ರಷ್‌ನಿಂದ ತೊಳೆಯಬೇಕು. ಒಣಗಿದ ಮೇಲೆ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಹೆಚ್ಚಾದ ಎಣ್ಣೆ ಮಸಿಯನ್ನು ಹಿಡಿದಿಡುತ್ತದೆ. ಕೊಳವೆಯ ಒಳಗೆ ಎಣ್ಣೆ ಬಳಿಯಬಾರದು. ಈ ರೈಫಲಿನ ನಳಿಗೆಯನ್ನು ಸಾಮಾನ್ಯವಾಗಿ ಬಾಯಿಯ ಕಡೆಯಿಂದ ಶುಚಿ ಮಾಡಬೇಕಾಗುವುದರಿಂದ ಕಬ್ಬಿಣದ ಸಲಾಕೆ ಬಾಯಂಚನ್ನು ಉಜ್ಜಿ ಗುರಿಯನ್ನೇ ಕೆಡಿಸಬಹುದು. ಹಿಂದಿನಿಂದ ತೂರಿಸಿ ಮುಂದಕ್ಕೆಳೆಯುವ ದಾರ ಲೇಸು. ಸೀಸ ವಿಷವಾದ್ದರಿಂದ ಕೆಲಸದ ನಂತರ ಕೈ ತೊಳೆಯುವುದನ್ನು ಮರೆಯಬಾರದು.

ಎರಡನೆಯದು ಕಾಡತೂಸಿನ ಬದಲಾವಣೆ. ಶಬ್ದದ ವೇಗಕ್ಕಿಂತ ನಿಧಾನವಾಗಿ ಸಾಗುವ ಗುಂಡಿನ ಕಾಡತೂಸು ಕೆಲವು ರೈಫಲುಗಳ ಬೋಲ್ಟನ್ನು ಪೂರ್ತಿ ಹಿಂದೆ ಸರಿಸಲಾರದು. ತಯಾರಕರು ಸೂಚಿಸಿದ ಬಗೆಯಲ್ಲೇ ಎರಡು ಮೂರು ತಯಾರಿಕೆಗಳನ್ನು ಪ್ರಯತ್ನಿಸಿದರೆ ಎಷ್ಟೋ ವೇಳೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ಬಿಡಿಭಾಗ. ಮಾಡೆಲ್ 60ರಲ್ಲಿ ಬೋಲ್ಟಿನ ಹೊಡೆತ ತಡೆಯುವ ಪ್ಲಾಸ್ಟಿಕ್ ತುಂಡು ವಯಸ್ಸಾದಂತೆ ಬಿರುಕು ಬಿಟ್ಟು ಚೂರಾಗುತ್ತದೆ; ಆ ಚೂರುಗಳೇ ಯಂತ್ರಕ್ಕೆ ಅಡ್ಡವಾಗುವುದುಂಟು. ಬೋಲ್ಟಿನ ತೆಳುವಾದ ಸ್ಪ್ರಿಂಗ್ ಜೋಡಿಸುವಾಗ ಸುಲಭವಾಗಿ ಮುರುಟಿಕೊಳ್ಳುತ್ತದೆ. ಸೋತ ಸ್ಪ್ರಿಂಗನ್ನು ಎಳೆದು ಹಿಗ್ಗಿಸುವುದು ದುರಸ್ತಿಯಲ್ಲ, ಹೊಸದನ್ನು ಹಾಕುವುದೇ ದಾರಿ. ಬಿಚ್ಚುವ ಮುನ್ನ ಪ್ರತಿ ಹಂತದ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆ ಸುಲಭ.

ಇಷ್ಟಾದರೂ ಕೋಶ ಸಿಲುಕಿದರೆ ಚೇಂಬರಿನ ಅಂಚನ್ನು ಭೂತಗನ್ನಡಿಯಿಂದ ನೋಡಬೇಕು. ಕಾಡತೂಸಿಲ್ಲದೆ ಪದೇ ಪದೇ ಟ್ರಿಗರ್ ಒತ್ತಿದ ಕೆಲವು ಹಳೆಯ ರೈಫಲುಗಳಲ್ಲಿ ಹೊಡೆಮೊಳೆ ನೇರವಾಗಿ ಉಕ್ಕಿಗೆ ಬಡಿದು ಅಂಚು ಒಳಕ್ಕೆ ಉಬ್ಬಿರುತ್ತದೆ. ಉಬ್ಬಿದ ಲೋಹವನ್ನು ಸ್ವಸ್ಥಾನಕ್ಕೆ ಒತ್ತಿ ಕೂರಿಸುವ ವಿಶೇಷ ಸಲಕರಣೆ ಇದೆ. ಇಲ್ಲಿ ಅರ ಹಾಕಿದರೆ ಚೇಂಬರ್ ಹಿಗ್ಗಿ ತೆಳುವಾದ ಕೋಶ ಒಡೆಯುವ ಅಪಾಯ ತಲೆದೋರುತ್ತದೆ. ಇದು ನುರಿತ ಕುಶಲಕರ್ಮಿಯ ಕೆಲಸ.

ಭಾರತದಲ್ಲಿ ಕಾನೂನು

ಅಮೆರಿಕದಲ್ಲಿ ಮಾಲೀಕನು ಮನೆಯ ಮೇಜಿನ ಮೇಲೆ ಮಾಡುವ ಈ ಕೆಲಸಕ್ಕೆ ಭಾರತದಲ್ಲಿ ಬೇರೆಯೇ ಚೌಕಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಬಂದೂಕು ಇರಿಸಿಕೊಳ್ಳಲು ಪರವಾನಗಿಯನ್ನು ಕಡ್ಡಾಯಗೊಳಿಸಿದರೆ, 5ನೇ ಕಲಂ ಬಂದೂಕಿನ ತಯಾರಿಕೆ, ಮಾರಾಟಗಳ ಜೊತೆಗೆ ದುರಸ್ತಿಯನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿದೆ. 8ನೇ ಕಲಂ ಪ್ರಕಾರ ಬಂದೂಕಿನ ಮೇಲಿನ ಸಂಖ್ಯೆ, ಗುರುತುಗಳನ್ನು ಅಳಿಸುವುದು ನಿಷಿದ್ಧ. ತುಕ್ಕು ತೆಗೆಯುವಾಗಲೂ ಇದು ನೆನಪಿರಬೇಕು. ಆದ್ದರಿಂದ ಪರವಾನಗಿ ಹೊಂದಿದವರು ದೈನಂದಿನ ಶುಚಿಗೊಳಿಸುವಿಕೆಯಲ್ಲಿ ನಿಂತು, ಬಿಡಿಭಾಗ ಬದಲಿಸುವ ಕೆಲಸವನ್ನು ಅಧಿಕೃತ ದುರಸ್ತಿಗಾರರಿಗೆ ಒಪ್ಪಿಸುವುದು ಕ್ಷೇಮ. ಯಾವ ಕಾಡತೂಸು ಬಳಸಿದಾಗ, ಎಲ್ಲಿ, ಹೇಗೆ ಸಿಲುಕಿತು ಎಂಬ ಟಿಪ್ಪಣಿಯನ್ನೂ ಜೊತೆಗೆ ಕೊಟ್ಟರೆ ಅವರ ಅರ್ಧ ಕೆಲಸ ಹಗುರಾಗುತ್ತದೆ.